ಗಗನಸಖಿಯ ಸಂಬಳದ ಚೀಟಿ ಹೇಳದ ಲೆಕ್ಕ

2015ರ ಜೂನ್ ತಿಂಗಳಲ್ಲಿ ಕತಾರ್ ಏರ್‌ವೇಸ್‌ಗೆ ಎರಡು ಸುದ್ದಿ ಒಟ್ಟೊಟ್ಟಿಗೆ ಬಂದವು. ಪ್ಯಾರಿಸ್ ಏರ್ ಶೋದಲ್ಲಿ ಸ್ಕೈಟ್ರ್ಯಾಕ್ಸ್ ಸಂಸ್ಥೆ ಅದಕ್ಕೆ ಜಗತ್ತಿನ ಅತ್ಯುತ್ತಮ ಏರ್‌ಲೈನ್ ಎಂಬ ಪ್ರಶಸ್ತಿ ಕೊಟ್ಟಿತು. ಅದೇ ತಿಂಗಳು ಜಿನೀವಾದಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ, ಇದೇ ಏರ್‌ಲೈನ್‌ನ ನಿಯಮಗಳು ಮಹಿಳಾ ಸಿಬ್ಬಂದಿಗೆ ತಾರತಮ್ಯ ಮಾಡುತ್ತಿವೆ ಎಂದು ವರದಿ ಕೊಟ್ಟಿತು. ಒಂದೇ ಕಂಪನಿ, ಒಂದೇ ತಿಂಗಳು. ಪ್ರಯಾಣಿಕನ ಸೀಟಿನಿಂದ ನೋಡಿದರೆ ನಂಬರ್ ಒನ್, ಟ್ರಾಲಿ ತಳ್ಳುವವಳ ಕಡೆಯಿಂದ ನೋಡಿದರೆ ಬೇರೆಯೇ ಚಿತ್ರ.

ಹತ್ತು ವರ್ಷ ಹಳೆಯ ಕಥೆ ಈಗ ಯಾಕೆ ಅಂತ ಕೇಳಬಹುದು. ಬೆಂಗಳೂರು, ಮಂಗಳೂರಿನಂಥ ಊರುಗಳಿಂದ ಗಲ್ಫ್ ಏರ್‌ಲೈನ್‌ಗಳ ಕ್ಯಾಬಿನ್ ಕ್ರೂ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರು ಇವತ್ತಿಗೂ ಇದ್ದಾರೆ. ಏವಿಯೇಷನ್ ಕೋರ್ಸ್ ಮಾಡಿಸುವ ಸಂಸ್ಥೆಗಳು ಫೀಸ್ ತಗೊಂಡು ಕನಸು ಮಾರುತ್ತವೆ. ಮನೆಯವರಿಗೆ ಕಾಣುವುದು ಯೂನಿಫಾರ್ಮ್, ಟ್ಯಾಕ್ಸ್ ಇಲ್ಲದ ಸಂಬಳ, ಕಂಪನಿ ಕೊಡುವ ಫ್ಲಾಟ್. ಕಾಂಟ್ರಾಕ್ಟ್‌ನಲ್ಲಿ ಏನಿದೆ, ಸಂಬಳದಲ್ಲಿ ಖಾತ್ರಿಯ ಪಾಲು ಎಷ್ಟು, ಐದು ವರ್ಷ ಆದ ಮೇಲೆ ಕೈಗೆ ಬರೋದು ಎಷ್ಟು, ಇದನ್ನು ಕೂತು ಲೆಕ್ಕ ಹಾಕುವವರು ಕಡಿಮೆ.

ಐಎಲ್‌ಒ ಹೇಳಿದ್ದೇನು?

ಅಂತಾರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ ಐಟಿಎಫ್ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಗಳ ಒಕ್ಕೂಟ ಐಟಿಯುಸಿ ಸೇರಿ 2014ರಲ್ಲಿ ಐಎಲ್‌ಒಗೆ ದೂರು ಕೊಟ್ಟಿದ್ದವು. ಅದಕ್ಕೂ ಮೊದಲು, 2013ರಲ್ಲಿ, ಸ್ವೀಡನ್ನಿನ ಎಕ್ಸ್‌ಪ್ರೆಸೆನ್ ಪತ್ರಿಕೆ ಕತಾರ್ ಏರ್‌ವೇಸ್ ಸಿಬ್ಬಂದಿಯ ಜೀವನದ ಬಗ್ಗೆ ತನಿಖಾ ವರದಿಗಳನ್ನು ಪ್ರಕಟಿಸಿತ್ತು. ಕಂಪನಿ ವಸತಿಯಲ್ಲಿ ಕಾವಲು, ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ, ಸಣ್ಣ ತಪ್ಪಿಗೂ ಕೆಲಸ ಹೋಗುವ ಭಯ, ಇವೆಲ್ಲ ಸಿಬ್ಬಂದಿಯ ಮಾತಿನಲ್ಲೇ ಅಲ್ಲಿ ಬಂದಿದ್ದವು.

ದೂರಿನ ಮುಖ್ಯ ಅಂಶಗಳು ಸರಳ. ಗರ್ಭಿಣಿಯಾದರೆ ಕೆಲಸದಿಂದ ತೆಗೆಯಲು ಕಂಪನಿಗೆ ಕಾಂಟ್ರಾಕ್ಟ್ ಅಧಿಕಾರ ಕೊಡುತ್ತಿತ್ತು. ಮದುವೆಯಾಗಲು ಮೊದಲ ಐದು ವರ್ಷ ಕಂಪನಿಯ ಅನುಮತಿ ಬೇಕಿತ್ತು. ಕೆಲಸದ ಜಾಗಕ್ಕೆ ಹೆಣ್ಣುಮಕ್ಕಳನ್ನು ಬಿಡಲು ಅಥವಾ ಕರೆದುಕೊಂಡು ಹೋಗಲು ತಂದೆ, ಅಣ್ಣತಮ್ಮ, ಗಂಡ ಬಿಟ್ಟು ಬೇರೆ ಗಂಡಸರು ಬರುವಂತಿರಲಿಲ್ಲ. ಗರ್ಭಿಣಿಯನ್ನು ತೆಗೆಯುವ ನಿಯಮವೂ ಈ ಕೊನೆಯ ನಿಯಮವೂ ತಾರತಮ್ಯ ಎಂದು ಐಎಲ್‌ಒ ಹೇಳಿತು. ಉದ್ಯೋಗದಲ್ಲಿ ತಾರತಮ್ಯ ತಡೆಯುವ 111ನೇ ಒಡಂಬಡಿಕೆಗೆ ಕತಾರ್ 1976ರಲ್ಲೇ ಒಪ್ಪಿಗೆ ಕೊಟ್ಟಿದೆ. ಹಾಗಾಗಿ ಉತ್ತರ ಕೊಡುವ ಜವಾಬ್ದಾರಿ ಕಂಪನಿಯ ಜೊತೆ ಸರ್ಕಾರದ ಮೇಲೂ ಬಿತ್ತು. ಕಂಪನಿಯ ಮಾಲೀಕರೂ ಸರ್ಕಾರವೇ.

ಆಗಿನ ಮುಖ್ಯಸ್ಥ ಅಕ್ಬರ್ ಅಲ್ ಬಾಕರ್ ಐಎಲ್‌ಒ ಮಾತಿಗೆ ತಾನು ಕ್ಯಾರೇ ಅನ್ನುವುದಿಲ್ಲ ಎಂಬರ್ಥದಲ್ಲಿ ಪತ್ರಕರ್ತರ ಮುಂದೆ ಹೇಳಿದರು. ಐಎಲ್‌ಒಗೆ ದಂಡ ಹಾಕುವ ಅಧಿಕಾರ ಇಲ್ಲ, ಶಿಫಾರಸು ಮಾಡಬಹುದು ಅಷ್ಟೇ. ಆದರೂ ಎರಡೇ ತಿಂಗಳಲ್ಲಿ, 2015ರ ಆಗಸ್ಟ್ ಹೊತ್ತಿಗೆ, ಕಾಂಟ್ರಾಕ್ಟ್ ಬದಲಾಗಿದೆ ಅನ್ನುವ ಸುದ್ದಿ ಬಂತು. ಮದುವೆಗೆ ಅನುಮತಿ ಬೇಡ, ಕಂಪನಿಗೆ ತಿಳಿಸಿದರೆ ಸಾಕು. ಗರ್ಭಿಣಿಯರು ತಾತ್ಕಾಲಿಕವಾಗಿ ನೆಲದ ಮೇಲಿನ ಕೆಲಸಕ್ಕೆ ಅರ್ಜಿ ಹಾಕಬಹುದು. ಅಲ್ ಬಾಕರ್ 2023ರ ನವೆಂಬರ್‌ವರೆಗೂ ಕುರ್ಚಿಯಲ್ಲಿದ್ದರು. ಅಂದರೆ ಮುಖ್ಯಸ್ಥರು ಬದಲಾಗದೆಯೇ ನಿಯಮ ಬದಲಾಯಿತು. ಹೆಸರಿನ ಮೇಲೆ ವ್ಯಾಪಾರ ಮಾಡುವ ಏರ್‌ಲೈನ್‌ಗೆ ಹೆಸರು ಕೆಡುವ ಭಯ ಇರುತ್ತದೆ. ದಂಡಕ್ಕಿಂತ ಸುದ್ದಿ ಹೆಚ್ಚು ಕೆಲಸ ಮಾಡಿತು.

ಗಲ್ಫ್‌ನದು ಮಾತ್ರ ತಪ್ಪೇ?

ಇಲ್ಲಿ ಒಂದು ಮಾತು ಮರೆಯಬಾರದು. ನಮ್ಮ ಏರ್ ಇಂಡಿಯಾದಲ್ಲೇ ಇಂಥ ನಿಯಮ ಇತ್ತು. ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಯಿತು. ಮೊದಲ ಗರ್ಭಕ್ಕೆ ಕೆಲಸ ಹೋಯಿತು. ಎರಡೂ ಆಗದಿದ್ದರೆ 35ಕ್ಕೆ ನಿವೃತ್ತಿ, ಅದರ ಮೇಲೆ ಮುಂದುವರಿಸುವುದು ಆಡಳಿತ ನಿರ್ದೇಶಕರ ಇಷ್ಟ. ನರ್ಗೇಶ್ ಮೀರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರ ಆಗಸ್ಟ್‌ನಲ್ಲಿ ಗರ್ಭಿಣಿಯನ್ನು ಕೆಲಸದಿಂದ ತೆಗೆಯುವ ನಿಯಮವನ್ನು ರದ್ದು ಮಾಡಿತು. ನಿವೃತ್ತಿಯನ್ನು ನಿರ್ದೇಶಕರ ಇಷ್ಟಕ್ಕೆ ಬಿಟ್ಟ ನಿಯಮವನ್ನೂ ರದ್ದು ಮಾಡಿತು. ಆದರೆ ನಾಲ್ಕು ವರ್ಷ ಮದುವೆಯಾಗಬಾರದು ಎಂಬ ನಿಯಮವನ್ನು ಆ ತೀರ್ಪು ಎತ್ತಿಹಿಡಿಯಿತು.

ಅಮೆರಿಕದಲ್ಲೂ ಅದೇ ಕಥೆ. ಮದುವೆಯಾದ ಗಗನಸಖಿಯನ್ನು ಕೆಲಸದಿಂದ ತೆಗೆದದ್ದು ತಪ್ಪು ಎಂದು ಯುನೈಟೆಡ್ ಏರ್‌ಲೈನ್ಸ್ ವಿರುದ್ಧ ಅಲ್ಲಿನ ಮೇಲ್ಮನವಿ ಕೋರ್ಟ್ ತೀರ್ಪು ಕೊಟ್ಟದ್ದು 1971ರಲ್ಲಿ.

ಹಾಗಾಗಿ ಇದನ್ನು ಅರಬ್ ಸಂಸ್ಕೃತಿ, ಧರ್ಮ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಚಿಕ್ಕ ವಯಸ್ಸಿನ, ಮದುವೆಯಾಗದ, ಬೇಗ ಬಂದು ಬೇಗ ಹೋಗುವ ಹುಡುಗಿಯರು ಬೇಕು ಅನ್ನುವುದು ಈ ವ್ಯಾಪಾರದ ಹಳೆಯ ಚಾಳಿ. ಬೇರೆ ದೇಶಗಳಲ್ಲಿ ಕೋರ್ಟು ಮತ್ತು ಯೂನಿಯನ್ ಸೇರಿ ಅದನ್ನು ಬಿಡಿಸಿದವು. ಕತಾರ್‌ನಲ್ಲಿ ವಿದೇಶಿ ನೌಕರರು ಯೂನಿಯನ್ ಕಟ್ಟುವಂತಿಲ್ಲ. ಯುಎಇಯಲ್ಲೂ ಯೂನಿಯನ್‌ಗೆ ಅವಕಾಶ ಇಲ್ಲ. ಇಡೀ ಗಲ್ಫ್ ಹೀಗೇ ಇದೆ ಅಂತಲೂ ಅಲ್ಲ. ಬಹ್ರೇನ್ 2002ರಲ್ಲಿ, ಒಮಾನ್ 2006ರಲ್ಲಿ ಕಾನೂನಿನ ಮೂಲಕ ಯೂನಿಯನ್‌ಗೆ ದಾರಿ ಮಾಡಿಕೊಟ್ಟವು. ಕುವೈತ್‌ನಲ್ಲಿ ಅದಕ್ಕಿಂತ ಮೊದಲಿನಿಂದಲೂ ಇವೆ.

ಹಾರಿದರೆ ಮಾತ್ರ ದುಡ್ಡು

ಈಗ ಸಂಬಳದ ಲೆಕ್ಕಕ್ಕೆ ಬರೋಣ. ಕ್ಯಾಬಿನ್ ಕ್ರೂ ಸಂಬಳ ಅಂದರೆ ಒಂದು ಇಡಿಗಂಟು ಅಲ್ಲ. ಮೂಲ ವೇತನ ಒಂದು, ಹಾರಿದ ಗಂಟೆಗೆ ಕೊಡುವ ಫ್ಲೈಯಿಂಗ್ ಪೇ ಇನ್ನೊಂದು, ಬೇರೆ ಊರಲ್ಲಿ ತಂಗಿದಾಗ ಕೊಡುವ ಊಟದ ಭತ್ಯೆ ಮತ್ತೊಂದು.

ಎಮಿರೇಟ್ಸ್ ತನ್ನ ನೇಮಕಾತಿ ಪ್ರಕಟಣೆಯಲ್ಲಿ ಹಿಂದೆ ಕೊಟ್ಟಿದ್ದ ಅಂಕಿ ತೆಗೆದುಕೊಳ್ಳಿ. ಮೂಲ ವೇತನ ತಿಂಗಳಿಗೆ 4,430 ದಿರ್ಹಂ. ಹಾರಾಟಕ್ಕೆ ಗಂಟೆಗೆ 63.75 ದಿರ್ಹಂ, ತಿಂಗಳಿಗೆ 80ರಿಂದ 100 ಗಂಟೆ. ಒಟ್ಟು ಸರಾಸರಿ ಸುಮಾರು 10,170 ದಿರ್ಹಂ. 90 ಗಂಟೆ ಹಿಡಿದರೆ ಹಾರಾಟದ ದುಡ್ಡು 5,737 ದಿರ್ಹಂ ಆಗುತ್ತದೆ. ಅಂದರೆ ಒಟ್ಟು ಸಂಬಳದಲ್ಲಿ ಖಾತ್ರಿಯಾದ ಮೂಲ ವೇತನ ನೂರಕ್ಕೆ ಸುಮಾರು 44 ಮಾತ್ರ. ಉಳಿದದ್ದು ಹಾರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇದನ್ನು ಕಂಪನಿಯೇ ಬಹಿರಂಗವಾಗಿ ಹೇಳಿತ್ತು, ಆ ಮಟ್ಟಿಗೆ ಅದು ಪ್ರಾಮಾಣಿಕ. ಓದುವವರು ಒಟ್ಟು ಮೊತ್ತ ನೋಡಿ ಅಲ್ಲಿಗೇ ನಿಲ್ಲಿಸಿದರೆ ಆ ತಪ್ಪು ಕಂಪನಿಯದಲ್ಲ.

ಈ ರಚನೆಯ ಪರಿಣಾಮ ಏನು? ಜ್ವರ ಬಂದು ಹತ್ತು ದಿನ ಮಲಗಿದರೆ ರಜೆ ಸಿಗಬಹುದು, ಆದರೆ ಹಾರಾಟದ ದುಡ್ಡು ಹೋಗುತ್ತದೆ. ಗರ್ಭಿಣಿಯಾಗಿ ನೆಲಕ್ಕೆ ಇಳಿದರೆ ಸಂಬಳ ಮೂಲ ವೇತನದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಊರಲ್ಲಿ ಮನೆ ಸಾಲದ ಕಂತು ಮಾತ್ರ ಒಟ್ಟು ಸಂಬಳದ ಆಧಾರದ ಮೇಲೆ ನಿಂತಿರುತ್ತದೆ. ಹುಷಾರಿಲ್ಲದಿದ್ದರೂ ಮಾತ್ರೆ ನುಂಗಿ ಹೋಗುವ ಅಭ್ಯಾಸ ಇಲ್ಲಿಂದ ಹುಟ್ಟುತ್ತದೆ.

2020ರಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಕಂಡಿತು. ಮಾರ್ಚ್ ಕೊನೆಗೆ ಎಮಿರೇಟ್ಸ್ ಪ್ರಯಾಣಿಕರ ವಿಮಾನಗಳನ್ನು ನಿಲ್ಲಿಸಿತು. ವಿಮಾನ ನಿಂತರೆ ಹಾರಾಟದ ಗಂಟೆ ಎಲ್ಲಿಂದ? ಅದರ ಮೇಲೆ ಬಹಳಷ್ಟು ನೌಕರರಿಗೆ ಮೂಲ ವೇತನದಲ್ಲೇ ಮೂರು ತಿಂಗಳ ಮಟ್ಟಿಗೆ ನೂರಕ್ಕೆ 25ರಿಂದ 50ರಷ್ಟು ಕಡಿತ ಬಂತು. ಆ ಹಣಕಾಸು ವರ್ಷ ಮುಗಿದಾಗ ಎಮಿರೇಟ್ಸ್ ಸಮೂಹದ ನೌಕರರ ಸಂಖ್ಯೆ ನೂರಕ್ಕೆ 31ರಷ್ಟು ಇಳಿದು 75,145ಕ್ಕೆ ಬಂದಿತ್ತು. ಕತಾರ್ ಏರ್‌ವೇಸ್ ಹಾರಾಟ ಪೂರ್ತಿ ನಿಲ್ಲಿಸಲಿಲ್ಲ. ಆದರೆ ಐದರಲ್ಲೊಂದು ಪಾಲು ನೌಕರರನ್ನು ಕಡಿಮೆ ಮಾಡಬೇಕಾಗುತ್ತದೆ ಎಂದು ಅದರ ಮುಖ್ಯಸ್ಥರು ಆಗ ಹೇಳಿದ್ದರು. ಕೆಲಸ ಹೋದವರಿಗೆ ಅದರ ಜೊತೆಗೇ ಫ್ಲಾಟೂ ಹೋಯಿತು, ವೀಸಾವೂ ಹೋಯಿತು.

ಇನ್ನೊಂದು ಸೂಕ್ಷ್ಮ ಇದೆ. ಹಾರಾಟದ ಗಂಟೆ ಅಂದರೆ ಡ್ಯೂಟಿಯ ಗಂಟೆ ಅಲ್ಲ. ವಿಮಾನದ ಚಕ್ರಕ್ಕೆ ಕೊಟ್ಟ ಅಡ್ಡಗಟ್ಟೆ ತೆಗೆದು ಹೊರಟಲ್ಲಿಂದ, ಇಳಿದ ಊರಲ್ಲಿ ಮತ್ತೆ ಅಡ್ಡಗಟ್ಟೆ ಇಡುವವರೆಗೆ ಲೆಕ್ಕ. ದೋಹಾದಿಂದ ಬೆಂಗಳೂರಿಗೆ ಸುಮಾರು ನಾಲ್ಕು ಗಂಟೆಯ ಹಾರಾಟ, ಹೋಗಿ ಬಂದರೆ ಎಂಟು ಗಂಟೆ. ಅದಕ್ಕೆ ಮೊದಲು ರಿಪೋರ್ಟ್ ಮಾಡಿ ಬ್ರೀಫಿಂಗ್ ಮುಗಿಸಿ ಪ್ರಯಾಣಿಕರನ್ನು ಹತ್ತಿಸುವ ಹೊತ್ತು, ಬೆಂಗಳೂರಿನಲ್ಲಿ ಇಳಿಸಿ ಹತ್ತಿಸುವ ಹೊತ್ತು, ಕೊನೆಗೆ ಮತ್ತೆ ಇಳಿಸುವ ಹೊತ್ತು ಸೇರಿಸಿದರೆ ಡ್ಯೂಟಿ ಹನ್ನೊಂದು ಗಂಟೆ ದಾಟುತ್ತದೆ. ಬಹಳಷ್ಟು ಏರ್‌ಲೈನ್‌ಗಳಲ್ಲಿ ಗಂಟೆಯ ದರ ಆ ಎಂಟಕ್ಕೆ ಮಾತ್ರ. ಬ್ಯಾಗ್ ಎತ್ತಿಡುವುದು, ಅಳುವ ಮಗುವನ್ನು ಸಮಾಧಾನ ಮಾಡುವುದು, ಗಾಲಿಕುರ್ಚಿಯವರನ್ನು ಕೂರಿಸುವುದು, ಅತಿ ಕಷ್ಟದ ಕೆಲಸವೆಲ್ಲ ಬಾಗಿಲು ಮುಚ್ಚುವ ಮೊದಲೇ ಇರುತ್ತದೆ.

ಇದು ಗಲ್ಫ್‌ನ ಸಮಸ್ಯೆ ಮಾತ್ರ ಅಲ್ಲ. 2025ರ ಆಗಸ್ಟ್‌ನಲ್ಲಿ ಏರ್ ಕೆನಡಾದ ಹತ್ತು ಸಾವಿರಕ್ಕೂ ಹೆಚ್ಚು ಸಿಬ್ಬಂದಿ ಮುಷ್ಕರ ಹೂಡಿದ್ದು ಮುಖ್ಯವಾಗಿ ಸಂಬಳಕ್ಕೆ ಮತ್ತು ಈ ನೆಲದ ಮೇಲಿನ ಗಂಟೆಗಳಿಗೆ. ಕೆಲಸಕ್ಕೆ ಮರಳಿ ಎಂಬ ಆದೇಶವನ್ನೂ ಮೀರಿ ಅವರು ಕುಳಿತರು, ನಾಲ್ಕೇ ದಿನದಲ್ಲಿ ಒಪ್ಪಂದದ ಕರಡು ಕೈಗೆ ಬಂತು. ದೋಹಾದಲ್ಲೋ ದುಬೈಯಲ್ಲೋ ಅದನ್ನು ಯೋಚಿಸುವುದೂ ಕಷ್ಟ.

ಗ್ರಾಚ್ಯುಟಿ ಯಾವುದರ ಮೇಲೆ?

ಕತಾರ್‌ನ 2004ರ ಕಾರ್ಮಿಕ ಕಾನೂನು ಪ್ರಕಾರ ಒಂದು ವರ್ಷ ಮುಗಿಸಿದ ನೌಕರನಿಗೆ ವರ್ಷಕ್ಕೆ ಕನಿಷ್ಠ ಮೂರು ವಾರದ ಮೂಲ ವೇತನ ಗ್ರಾಚ್ಯುಟಿ. ಯುಎಇಯ ಈಗಿನ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ಎರಡೂ ಕಡೆ ಗಮನಿಸಬೇಕಾದ ಪದ ಒಂದೇ: ಮೂಲ ವೇತನ.

ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ. ಮೂಲ ವೇತನ 4,000 ರಿಯಾಲ್, ಹಾರಾಟದ್ದು ಮತ್ತು ಇತರ ಭತ್ಯೆ 4,000 ರಿಯಾಲ್, ಒಟ್ಟು 8,000 ಅಂತ ಇಟ್ಟುಕೊಳ್ಳಿ. ಮೂರು ವಾರದ ಮೂಲ ವೇತನ 2,800 ರಿಯಾಲ್. ನಾಲ್ಕು ವರ್ಷ ದುಡಿದು ಹೊರಟರೆ 11,200 ರಿಯಾಲ್. ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಿದ್ದರೆ ಅದು 22,400 ಆಗುತ್ತಿತ್ತು. ಅಂದರೆ ನಾಲ್ಕು ವರ್ಷದ ಯೌವನಕ್ಕೆ ಸಿಗುವ ಇಡಿಗಂಟು, ಅವಳು ತಿಂಗಳಿಗೆ ಮನೆಗೆ ತರುತ್ತಿದ್ದ ಸಂಬಳದ ಒಂದೂವರೆ ಪಟ್ಟೂ ಇಲ್ಲ. ಪಿಂಚಣಿ ಇಲ್ಲ. ಊರಲ್ಲಿ ಪಿಎಫ್ ಖಾತೆ ನಿಂತುಹೋಗಿ ನಾಲ್ಕು ವರ್ಷ ಆಗಿರುತ್ತದೆ. ಕೆಲವು ಕಂಪನಿಗಳಲ್ಲಿ ಕಾನೂನಿಗಿಂತ ಹೆಚ್ಚಿನ ಪ್ರಾವಿಡೆಂಟ್ ಯೋಜನೆ ಇದೆ, ಅದು ಇದೆಯೋ ಇಲ್ಲವೋ ಎಂದು ಮೊದಲೇ ಕೇಳಬೇಕು.

ಇಲ್ಲಿ ಕಂಪನಿಯ ಕಡೆಯ ಲೆಕ್ಕವನ್ನೂ ನೋಡಬೇಕು. 2017ರಲ್ಲಿ ಅಲ್ ಬಾಕರ್ ಡಬ್ಲಿನ್‌ನಲ್ಲಿ ಮಾತನಾಡುತ್ತಾ ಅಮೆರಿಕದ ವಿಮಾನಗಳಲ್ಲಿ ಅಜ್ಜಿಯರು ಬಡಿಸುತ್ತಾರೆ, ನಮ್ಮ ಸಿಬ್ಬಂದಿಯ ಸರಾಸರಿ ವಯಸ್ಸು 26 ಎಂಬ ಅರ್ಥದ ಮಾತು ಆಡಿ ಆಮೇಲೆ ಕ್ಷಮೆ ಕೇಳಿದರು. ಎಲ್ಲರೂ ಅದನ್ನು ಹೆಂಗಸರಿಗೆ ಮಾಡಿದ ಅವಮಾನ ಅಂತ ನೋಡಿದರು, ಅದು ಹೌದು. ಆದರೆ ಆ 26 ಎಂಬ ಅಂಕಿಯಲ್ಲಿ ಒಂದು ಖರ್ಚಿನ ಲೆಕ್ಕವೂ ಇದೆ. ನೌಕರರು ಮೂರು ನಾಲ್ಕು ವರ್ಷಕ್ಕೆ ಬದಲಾಗುತ್ತಿದ್ದರೆ ವಾರ್ಷಿಕ ಏರಿಕೆಯ ಭಾರ ಬೆಳೆಯುವುದಿಲ್ಲ, ಗ್ರಾಚ್ಯುಟಿಯ ಬಾಕಿ ಬೆಳೆಯುವುದಿಲ್ಲ, ಹೆರಿಗೆ ರಜೆಯ ಖರ್ಚು ಕಡಿಮೆ, ಮಕ್ಕಳ ಶಾಲೆ ಫೀಸ್ ಕಡಿಮೆ, ಇಬ್ಬರನ್ನು ಒಂದು ಫ್ಲಾಟಿನಲ್ಲಿ ಇಡಬಹುದು. ತರಬೇತಿಗೆ ಖರ್ಚಾಗುತ್ತದೆ ನಿಜ, ಅದನ್ನು ಬಾಂಡ್ ಬರೆಸಿ ಭಾಗಶಃ ವಾಪಸು ಪಡೆಯುವ ಕಂಪನಿಗಳೂ ಇವೆ. ಮದುವೆ, ಗರ್ಭದ ನಿಯಮಗಳನ್ನು ಶಿಸ್ತು ಅಂತ ಹೇಳಿದರೂ, ಲೆಕ್ಕದ ಪುಸ್ತಕದಲ್ಲಿ ಅವು ಖರ್ಚು ಕಡಿಮೆ ಮಾಡುವ ನಿಯಮಗಳೇ.

ನಿದ್ದೆ, ಸುರಕ್ಷತೆ ಮತ್ತು ಮಂಗಳೂರು

ಸಿಬ್ಬಂದಿಯ ದಣಿವು ಅವರ ವೈಯಕ್ತಿಕ ಕಷ್ಟ, ನಮಗೇನು ಅನ್ನುವ ಪ್ರಯಾಣಿಕರು 2010ರ ಮೇ 22 ಅನ್ನು ನೆನಪು ಮಾಡಿಕೊಳ್ಳಬೇಕು. ಕರಾವಳಿಯವರಿಗೆ ಹೇಳಬೇಕಾಗಿಲ್ಲ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗಿನ ಜಾವ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿತ್ತು. 166 ಜನರಲ್ಲಿ 158 ಮಂದಿ ಹೋದರು, ಉಳಿದವರು ಎಂಟೇ ಜನ. ಆರು ಸಿಬ್ಬಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ತನಿಖೆಯಲ್ಲಿ ಕಂಡದ್ದು: ಹಾರಾಟದ ಬಹುಪಾಲು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆಯ ಸದ್ದು ಧ್ವನಿಮುದ್ರಣದಲ್ಲಿ ಸಿಕ್ಕಿತ್ತು. ಎದ್ದ ಮೇಲೂ ನಿದ್ದೆಯ ಮಂಪರು ಪೂರ್ತಿ ಬಿಟ್ಟಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹ ಪೈಲಟ್ ಒಂದಲ್ಲ ಹಲವು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. ಆ ಅಪಘಾತದ ಕಾರಣ ರೋಸ್ಟರ್ ಒಂದೇ ಅಂತ ಹೇಳಲಾಗದು. ಆದರೆ ನಡುರಾತ್ರಿಯ ಡ್ಯೂಟಿ ದೇಹಕ್ಕೆ ಏನು ಮಾಡುತ್ತದೆ ಮತ್ತು ಕೆಳಗಿನವರ ಮಾತಿಗೆ ಮೇಲಿನವರು ಬೆಲೆ ಕೊಡದಿದ್ದರೆ ಏನಾಗುತ್ತದೆ ಎಂಬ ಎರಡು ಪಾಠ ಅಲ್ಲಿವೆ.

ಗಲ್ಫ್–ಕರಾವಳಿ ವಿಮಾನಗಳಲ್ಲಿ ಬಹಳಷ್ಟು ರಾತ್ರಿಯವೇ. ದಣಿವಿಗೆ ಮಿತಿ ಹಾಕಲು ಅಂತಾರಾಷ್ಟ್ರೀಯವಾಗಿ ನಿಯಮಗಳಿವೆ. ಯುರೋಪಿನ ನಿಯಮ ಪ್ರಕಾರ 28 ದಿನದಲ್ಲಿ ಹಾರಾಟ 100 ಗಂಟೆ ದಾಟಬಾರದು, ವರ್ಷಕ್ಕೆ 900 ದಾಟಬಾರದು. ಡ್ಯೂಟಿ ಏಳು ದಿನದಲ್ಲಿ 60 ಗಂಟೆ, 28 ದಿನದಲ್ಲಿ 190 ಗಂಟೆ. ಗಲ್ಫ್ ದೇಶಗಳಲ್ಲೂ ವಿಮಾನಯಾನ ಪ್ರಾಧಿಕಾರಗಳು ತಮ್ಮ ಮಿತಿ ಹಾಕಿವೆ. ಆದರೆ ಮಿತಿ ಅಂದರೆ ಗರಿಷ್ಠ, ಗುರಿ ಅಲ್ಲ. ಪ್ರತಿ ತಿಂಗಳು ಗರಿಷ್ಠಕ್ಕೆ ತಾಗಿಸಿ ರೋಸ್ಟರ್ ಹಾಕಿದರೆ ಕಾಗದದ ಮೇಲೆ ಎಲ್ಲ ಸರಿ ಇರುತ್ತದೆ, ದೇಹ ಮಾತ್ರ ಒಪ್ಪುವುದಿಲ್ಲ.

ದಣಿವಾಗಿದೆ, ಇವತ್ತು ಹಾರಲಾರೆ ಎಂದು ಹೇಳುವ ಹಕ್ಕು ಸುರಕ್ಷತೆಯ ನಿಯಮದಲ್ಲೇ ಇದೆ. ಅದನ್ನು ಬಳಸಿದವರ ಮೇಲೆ ಕಡತ ತೆರೆಯುವ ವಾತಾವರಣ ಇದ್ದರೆ ಯಾರೂ ಹೇಳುವುದಿಲ್ಲ. ಫ್ಲೈಯಿಂಗ್ ಪೇ ಕೂಡ ಬಾಯಿ ಮುಚ್ಚಿಸುತ್ತದೆ. ಅತಿಯಾದ ಕಟ್ಟುನಿಟ್ಟು ಸುರಕ್ಷತೆ ಹೆಚ್ಚಿಸುತ್ತದೆ ಅನ್ನುವ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹೆದರಿದ ಸಿಬ್ಬಂದಿ ತಪ್ಪು ಮಾಡುವುದನ್ನು ನಿಲ್ಲಿಸುವುದಿಲ್ಲ, ತಪ್ಪನ್ನು ಹೇಳುವುದನ್ನು ನಿಲ್ಲಿಸುತ್ತಾರೆ.

ಭಾರತದಲ್ಲೂ ಎಲ್ಲ ಸರಿ ಇದೆ ಅಂತೇನಿಲ್ಲ. ಪೈಲಟ್‌ಗಳಿಗೆ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ ಹೊಸ ನಿಯಮಗಳು ಪೂರ್ತಿಯಾಗಿ ಜಾರಿಗೆ ಬಂದಾಗ, 2025ರ ಡಿಸೆಂಬರ್‌ನಲ್ಲಿ ಇಂಡಿಗೊ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ವಿಶ್ರಾಂತಿಗೆ ತಕ್ಕಷ್ಟು ಜನರನ್ನು ಇಟ್ಟುಕೊಳ್ಳದ ಕಂಪನಿಗೆ ಕೊನೆಗೆ ನಿಯಮದಿಂದಲೇ ತಾತ್ಕಾಲಿಕ ವಿನಾಯಿತಿ ಸಿಕ್ಕಿತು.

ಆದರೂ ಒಂದು ವ್ಯತ್ಯಾಸ ಇದೆ. 2024ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಕ್ರೂ ಸಾಮೂಹಿಕವಾಗಿ ಅನಾರೋಗ್ಯದ ರಜೆ ಹಾಕಿದರು. ಗಲ್ಫ್‌ಗೆ ಹೊರಟ ಎಷ್ಟೋ ಜನ ಏರ್‌ಪೋರ್ಟ್‌ನಲ್ಲಿ ಸಿಕ್ಕಿಹಾಕಿಕೊಂಡರು, ವೀಸಾ ಅವಧಿ ಮುಗಿಯುವ ಆತಂಕದಲ್ಲಿ ಸಿಬ್ಬಂದಿಗೇ ಬೈದವರೂ ಇದ್ದರು. ಕಂಪನಿ 25 ಜನರನ್ನು ಕೆಲಸದಿಂದ ತೆಗೆಯಿತು. ಎರಡೇ ದಿನದಲ್ಲಿ ದಿಲ್ಲಿಯಲ್ಲಿ ಕಾರ್ಮಿಕ ಆಯುಕ್ತರ ಮುಂದೆ ಸಂಧಾನ ಆಯಿತು, ಆ 25 ಜನ ಕೆಲಸಕ್ಕೆ ಮರಳಿದರು. ಅವರು ಮಾಡಿದ ವಿಧಾನ ಸರಿಯೋ ತಪ್ಪೋ ವಾದ ಮಾಡಬಹುದು. ಆದರೆ ಅಲ್ಲಿ ಕೂರಲು ಒಂದು ಮೇಜು ಇತ್ತು, ಮಧ್ಯೆ ಒಬ್ಬ ಅಧಿಕಾರಿ ಇದ್ದರು, ಸಿಬ್ಬಂದಿಯ ಪರ ಮಾತಾಡಲು ಯೂನಿಯನ್ ಇತ್ತು. ಗಲ್ಫ್‌ನ ದೊಡ್ಡ ಏರ್‌ಲೈನ್‌ಗಳಲ್ಲಿ ಆ ಮೇಜೇ ಇಲ್ಲ.

ಬದಲಾದದ್ದು, ಬದಲಾಗಬೇಕಾದದ್ದು

ನ್ಯಾಯವಾಗಿ ಹೇಳಬೇಕಾದರೆ ಕತಾರ್ ಸುಮ್ಮನೆ ಕೂತಿಲ್ಲ. ಯೂನಿಯನ್‌ಗಳ ಒತ್ತಡ, ಫುಟ್‌ಬಾಲ್ ವಿಶ್ವಕಪ್‌ನ ಕಣ್ಣು, ಎರಡೂ ಕೆಲಸ ಮಾಡಿದವು. 2018ರಲ್ಲಿ ದೋಹಾದಲ್ಲೇ ಐಎಲ್‌ಒ ಕಚೇರಿ ತೆರೆಯಿತು. ಅದೇ ವರ್ಷ ಹೆಚ್ಚಿನ ನೌಕರರಿಗೆ ದೇಶ ಬಿಡಲು ಎಕ್ಸಿಟ್ ಪರ್ಮಿಟ್ ಬೇಡವಾಯಿತು. 2020ರಲ್ಲಿ ಬೇರೆ ಕೆಲಸಕ್ಕೆ ಸೇರಲು ಹಳೆಯ ಮಾಲೀಕರ ಎನ್‌ಒಸಿ ಬೇಕೆಂಬ ನಿಯಮ ತೆಗೆದರು. 2021ರ ಮಾರ್ಚ್‌ನಿಂದ ಕನಿಷ್ಠ ವೇತನ 1,000 ರಿಯಾಲ್, ಕಂಪನಿ ವಸತಿ ಊಟ ಕೊಡದಿದ್ದರೆ ಅದಕ್ಕೆ 500 ಮತ್ತು 300 ರಿಯಾಲ್ ಬೇರೆ.

ಕತಾರ್ ಕಾರ್ಮಿಕ ಕಾನೂನಿನಲ್ಲಿ ಒಂದು ವರ್ಷ ಸೇವೆ ಮಾಡಿದ ಮಹಿಳೆಗೆ 50 ದಿನ ಪೂರ್ತಿ ಸಂಬಳದ ಹೆರಿಗೆ ರಜೆ ಇದೆ. ಮದುವೆಯಾದಳೆಂದು ಅಥವಾ ಆ ರಜೆ ತೆಗೆದುಕೊಂಡಳೆಂದು ಕೆಲಸದಿಂದ ತೆಗೆಯಬಾರದು ಎಂದೂ ಇದೆ. ಯುಎಇಯಲ್ಲಿ 60 ದಿನ, ಅದರಲ್ಲಿ 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಭಾರತದಲ್ಲಿ 2017ರಿಂದ 26 ವಾರ. ಇಷ್ಟೆಲ್ಲ ಕಾನೂನಿನಲ್ಲಿ ಇದ್ದೂ 2014ರಲ್ಲಿ ಕಾಂಟ್ರಾಕ್ಟ್‌ನಲ್ಲಿ ಬೇರೆಯೇ ಬರೆದಿತ್ತು ಅನ್ನುವುದೇ ಪಾಠ. ದೇಶದ ಕಾನೂನು ಒಂದು, ಕೈಯಲ್ಲಿ ಹಿಡಿದ ಕಾಂಟ್ರಾಕ್ಟ್ ಇನ್ನೊಂದು. ಎರಡನ್ನೂ ಪಕ್ಕದಲ್ಲಿಟ್ಟು ಓದಬೇಕು.

ಇನ್ನೊಂದು ಕಡೆ, ಈ ಕೆಲಸ ಬೇಡವೇ ಬೇಡ ಅನ್ನುವುದೂ ಮೂರ್ಖತನ. ಟ್ಯಾಕ್ಸ್ ಇಲ್ಲದ ಸಂಬಳ, ಬಾಡಿಗೆ ಕಟ್ಟಬೇಕಾಗಿಲ್ಲದ ಮನೆ, ಡ್ಯೂಟಿಗೆ ಹೋಗಿ ಬರಲು ಬಸ್ಸು, ಜಗತ್ತು ನೋಡುವ ಅವಕಾಶ, ಇವು ಸಣ್ಣವಲ್ಲ. ನಾಲ್ಕು ವರ್ಷದಲ್ಲಿ ತಂಗಿಯ ಮದುವೆ ಮಾಡಿ, ಅಪ್ಪನ ಸಾಲ ತೀರಿಸಿ ಬಂದವರು ಊರೂರಲ್ಲಿ ಸಿಗುತ್ತಾರೆ. ಲಿಪ್‌ಸ್ಟಿಕ್‌ನ ಬಣ್ಣ, ಕೂದಲಿನ ಗಂಟು, ಸಮಯಕ್ಕೆ ಸರಿಯಾಗಿ ಬರುವುದು, ಇಂಥ ಶಿಸ್ತನ್ನು ಯಾರೂ ದೂರುತ್ತಿಲ್ಲ. ಬೆಂಕಿ ಹತ್ತಿದರೆ 90 ಸೆಕೆಂಡಿನಲ್ಲಿ ವಿಮಾನ ಖಾಲಿ ಮಾಡಿಸಬೇಕಾದವರಿಗೆ ಶಿಸ್ತು ಬೇಕೇ ಬೇಕು. ಪ್ರಶ್ನೆ ಇರುವುದು ಶಿಸ್ತು ವಿಮಾನದ ಬಾಗಿಲು ದಾಟಿ ಮಲಗುವ ಕೋಣೆಯವರೆಗೆ ಬಂದಾಗ. ಕೆಲಸ, ಮನೆ, ವೀಸಾ ಮೂರೂ ಒಂದೇ ಕೈಯಲ್ಲಿದ್ದರೆ, ಆ ಕೈ ಎಷ್ಟೇ ಒಳ್ಳೆಯದಾಗಿರಲಿ, ಎದುರು ಮಾತಾಡುವ ಧೈರ್ಯ ಯಾರಿಗೂ ಬರುವುದಿಲ್ಲ.

ಸಹಿ ಹಾಕುವ ಮೊದಲು

ಈ ಕೆಲಸಕ್ಕೆ ಹೊರಟವರೂ ಅವರ ಮನೆಯವರೂ ಕೇಳಿಕೊಳ್ಳಬೇಕಾದ ಕೆಲವು ಪ್ರಶ್ನೆಗಳಿವೆ.

ಒಂದು, ಒಟ್ಟು ಸಂಬಳದಲ್ಲಿ ಮೂಲ ವೇತನ ಎಷ್ಟು? ಊರಲ್ಲಿ ಸಾಲದ ಕಂತು ಕಟ್ಟುವುದಾದರೆ ಅದನ್ನು ಮೂಲ ವೇತನಕ್ಕೆ ತಕ್ಕಂತೆ ಇಟ್ಟುಕೊಳ್ಳುವುದು ಕ್ಷೇಮ. ಹಾರಾಟದ ದುಡ್ಡನ್ನು ಉಳಿತಾಯ ಅಂತಲೇ ಭಾವಿಸಬೇಕು.

ಎರಡು, ಕನಿಷ್ಠ ಹಾರಾಟದ ಗಂಟೆಗೆ ಖಾತ್ರಿ ಇದೆಯೇ? ಕಾಯಿಲೆ ಬಿದ್ದಾಗ, ಗರ್ಭಿಣಿಯಾಗಿ ನೆಲಕ್ಕೆ ಇಳಿದಾಗ ಸಂಬಳ ಏನಾಗುತ್ತದೆ? ನೆಲದ ಕೆಲಸ ಸಿಗುವುದು ಹಕ್ಕೋ ಅಥವಾ ಕಂಪನಿಯ ಇಷ್ಟವೋ? ಅರ್ಜಿ ಹಾಕಬಹುದು ಅನ್ನುವುದಕ್ಕೂ ಸಿಗುತ್ತದೆ ಅನ್ನುವುದಕ್ಕೂ ದೂರ ಬಹಳ.

ಮೂರು, ಬಾಂಡ್ ಇದೆಯೇ? ಎಷ್ಟು ವರ್ಷಕ್ಕೆ, ಎಷ್ಟು ಮೊತ್ತ? ಮೊದಲೇ ಬಿಟ್ಟರೆ ಪೂರ್ತಿ ಕಟ್ಟಬೇಕೋ ಅಥವಾ ದುಡಿದ ತಿಂಗಳಿಗೆ ತಕ್ಕಂತೆ ಕಡಿಮೆಯಾಗುತ್ತದೆಯೋ?

ನಾಲ್ಕು, ಈ ಕೆಲಸಕ್ಕೆ ದೇಶದ ಕಾರ್ಮಿಕ ಕಾನೂನು ಅನ್ವಯಿಸುತ್ತದೆಯೇ ಅಥವಾ ಕಂಪನಿಯದೇ ಪ್ರತ್ಯೇಕ ನಿಯಮಾವಳಿಯೇ? ಸರ್ಕಾರದ ಒಡೆತನದ ಕಂಪನಿಗಳಲ್ಲಿ ಈ ಪ್ರಶ್ನೆ ಮುಖ್ಯ. ನಿಯಮಾವಳಿಯ ಪ್ರತಿ ಸಹಿಗೆ ಮೊದಲು ಕೇಳಿ ಪಡೆಯಬೇಕು.

ಐದು, ಅಲ್ಲಿ ಹೋಗಿ ಬ್ಯಾಂಕ್ ಲೋನ್, ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವಾಗ ಜಾಗ್ರತೆ. ಬಾಕಿ ಇದ್ದರೆ ಬ್ಯಾಂಕ್ ಕೇಸ್ ಹಾಕಬಹುದು, ದೇಶ ಬಿಡದಂತೆ ಟ್ರಾವೆಲ್ ಬ್ಯಾನ್ ಬೀಳಬಹುದು. ಗ್ರಾಚ್ಯುಟಿ ಸಾಲಕ್ಕೇ ಸರಿಹೋದ ಉದಾಹರಣೆಗಳು ಎಲ್ಲ ಕೆಲಸಗಳಲ್ಲೂ ಇವೆ.

ಆರು, ಸಂಬಳದ ಚೀಟಿ, ರೋಸ್ಟರ್, ವೈದ್ಯರ ಪತ್ರ, ಎಚ್‌ಆರ್ ಜೊತೆಗಿನ ಈಮೇಲ್, ಇವುಗಳ ಪ್ರತಿಯನ್ನು ಕಂಪನಿಯ ಫೋನ್, ಲ್ಯಾಪ್‌ಟಾಪ್ ಬಿಟ್ಟು ಬೇರೆ ಕಡೆ ಇಟ್ಟುಕೊಳ್ಳಬೇಕು. ಕೆಲಸ ಹೋದ ದಿನವೇ ಲಾಗಿನ್ ಹೋಗುತ್ತದೆ. ಕತಾರ್‌ನಲ್ಲಿ ಕಾರ್ಮಿಕ ವಿವಾದ ಸಮಿತಿಗಳು 2018ರಿಂದ ಕೆಲಸ ಮಾಡುತ್ತಿವೆ, ಅಲ್ಲಿಗೆ ಹೋಗುವುದಾದರೂ ಕಾಗದ ಬೇಕು. ಭಾರತೀಯ ರಾಯಭಾರ ಕಚೇರಿ, ಅದರ ಆಶ್ರಯದ ಐಸಿಬಿಎಫ್, ಮದದ್ ಪೋರ್ಟಲ್, ಇವುಗಳ ಬಾಗಿಲು ತಟ್ಟುವಾಗಲೂ ಮೊದಲು ಕೇಳುವುದು ದಾಖಲೆಯನ್ನೇ.

ಊರಿನ ಸಂಘಗಳೂ ಒಂದು ಕೆಲಸ ಮಾಡಬಹುದು. ಗಲ್ಫ್‌ನ ಕನ್ನಡ ಸಂಘಗಳು ರಾಜ್ಯೋತ್ಸವ, ಯಕ್ಷಗಾನ, ಕ್ರಿಕೆಟ್ ಚೆನ್ನಾಗಿಯೇ ನಡೆಸುತ್ತವೆ. ಕನ್‌ಸ್ಟ್ರಕ್ಷನ್, ಮನೆಗೆಲಸದವರ ಕಷ್ಟಕ್ಕೆ ಓಡುವವರೂ ಅವುಗಳಲ್ಲಿ ಇದ್ದಾರೆ. ಯೂನಿಫಾರ್ಮ್ ಹಾಕಿಕೊಂಡು ಲಿಪ್‌ಸ್ಟಿಕ್ ಹಚ್ಚಿಕೊಂಡ ಹುಡುಗಿಗೂ ಕಾಂಟ್ರಾಕ್ಟ್ ಓದಿ ಹೇಳುವವರು ಬೇಕಾಗಬಹುದು ಎಂಬುದು ಯಾರಿಗೂ ಹೊಳೆಯುವುದಿಲ್ಲ. ವರ್ಷಕ್ಕೆ ಒಂದು ಸಂಜೆ, ಒಬ್ಬ ವಕೀಲರು, ಒಬ್ಬ ಅಕೌಂಟೆಂಟ್, ಕೆಲಸ ಬಿಟ್ಟ ಒಬ್ಬಿಬ್ಬರು ಸಿಬ್ಬಂದಿ ಕೂತು ಪ್ರಶ್ನೆಗಳಿಗೆ ಉತ್ತರ ಹೇಳಿದರೆ ಸಾಕು. ಅದಕ್ಕೆ ಯೂನಿಯನ್ ಅನುಮತಿ ಬೇಕಾಗಿಲ್ಲ, ಸಂಘದ ಒಂದು ಹಾಲ್ ಮತ್ತು ಚಹಾದ ಖರ್ಚು ಸಾಕು.